ಕ್ಯಾಪ್ಟನ್ ಹತ್ತಿರ ಕೇಳಬಾರದ್ದು

ಬಾಗಿಲು ತೆರೆದ ಸಂಗೀತ ಹುಡುಗಿಯ ಮುಖ ನೋಡಿದವಳೇ ತಲೆಯೆತ್ತಿ ಬಾಗಿಲ ಮೇಲಿನ ಒಣಗಿದ ತೋರಣವನ್ನು ನೋಡತೊಡಗಿದಳು. ದಿಟ್ಟಿಸಬಾರದು. ಮಗಳು ಹಾಕಿದ ಮೊದಲ ಕಟ್ಟಳೆಯೇ ಅದು.

ಬಂದವರು ಇಬ್ಬರು. ಮುಂದೆ ನಿಂತವಳು ಎತ್ತರ, ಕಪ್ಪು. ಭುಜದ ತುಂಬ ಗುಂಗುರು ಕೂದಲು ಬಿಟ್ಟುಕೊಂಡಿದ್ದಳು. ಹಿಂದಿನವಳು ಗಿಡ್ಡ. ಬಿಸಿಲಿಗೆ ಬಾಡಿದಂಥ ಮುಖ, ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಬಾಳೆಹಣ್ಣಿನ ಚೀಲ.

“ಧನ್ಯಾ ಇಲ್ವೇನ್ರೀ ಆಂಟಿ?” ಎತ್ತರದವಳು ಕೇಳಿದಳು.

“ನಿಮ್ಮನ್ನ ಕರ್ಕೊಂಡ್ ಬರಾಕಂತ ಬಸ್ ಸ್ಟ್ಯಾಂಡಿಗೇ ಹೋಗ್ಯಾಳಮ್ಮ,” ಎಂದಳು ಸಂಗೀತ, ತೋರಣಕ್ಕೆ.

“ಅಯ್ಯೋ, ನಾವು ಸರ್ಕಲ್‌ನಾಗೇ ಇಳಿದುಬಿಟ್ವಿ.”

ಸಂಗೀತ ಮಗಳಿಗೆ ಫೋನ್ ಮಾಡಿದಳು. “ಬಂದೆ. ಅಲ್ಲೀತನಕ ಏನೂ ಕೇಳಬೇಡಮ್ಮ,” ಎಂದು ಧನ್ಯಾ ಫೋನ್ ಇಟ್ಟಳು.

ಕೇಳಬಾರದ್ದು ಏನೇನೆಂದು ಹಿಂದಿನ ದಿನವೇ ಊಟದ ಹೊತ್ತಿನಲ್ಲಿ ಪಾಠವಾಗಿತ್ತು. ಕಾಲೇಜಿನ ವಾಲಿಬಾಲ್ ತಂಡದ ಕ್ಯಾಪ್ಟನ್ ಸಿದ್ದಿ ಹುಡುಗಿ. ಜೊತೆಗೆ ತಂಡದ ಇನ್ನೊಬ್ಬಳೂ ಬರುತ್ತಾಳೆ. ಕ್ಯಾಪ್ಟನ್ನಿನ ಹಿರಿಯರು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರು. ಅವಳನ್ನು ಯಾವ ಊರು ಎಂದು ಕೆದಕಬಾರದು. ಕೂದಲು ಮುಟ್ಟಬಾರದು. ಬಣ್ಣದ ಮಾತು ಬಾಯಿಗೇ ಬರಬಾರದು.

“ಹಂಗಾರೆ ಅವರ ಮನೇಲಿ ಯಾವ ಭಾಷೆ?” ಎಂದು ಅಪ್ಪ ಸಿದ್ಧಲಿಂಗೇಶ್ ಕೇಳಿ ಕೆಟ್ಟ.

“ಅಪ್ಪ, ಇದನ್ನೇ ಕೇಳಬಾರ್ದು ಅಂದಿದ್ದು.”

“ನಾನು ನಾಳೆ ಅಂಗಡಿಯಾಗೇ ಇರ್ತೀನಿ ಬಿಡು,” ಎಂದು ಅವನು ರೊಟ್ಟಿಯತ್ತ ಬಗ್ಗಿದ.

ಸಂಗೀತಳಿಗೆ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಹೋದ ವರ್ಷ ಮನೆಗೆ ಬಂದ ಮಗಳ ಗೆಳತಿಗೆ ಅವಳು ಬೆಳ್ಳಗಾಗುವ ಕ್ರೀಮಿನ ಹೆಸರು ಹೇಳಿದ್ದಳು, ಒಳ್ಳೆಯ ಮನಸ್ಸಿನಿಂದಲೇ. ಆ ಹುಡುಗಿ ಮತ್ತೆ ಬರಲಿಲ್ಲ. ಧನ್ಯಾ ಕೂಡ ಆಮೇಲೆ ಯಾರನ್ನೂ ಕರೆತರಲಿಲ್ಲ. ಭಾನುವಾರದ ಆ ಗಲಾಟೆ, ನಗು ಇಲ್ಲದೆ ಮನೆ ಭಣಗುಟ್ಟುತ್ತಿತ್ತು. “ಇದೊಂದು ಸಲ ನೋಡ್ತೀನಿ. ನೀನು ಹೆಂಗಿದ್ದೆ ಅಂತ ಕ್ಯಾಪ್ಟನ್ನೇ ಹೇಳಬೇಕು,” ಎಂದಿದ್ದಳು ಮಗಳು.

ಗುಂಗುರು ಕೂದಲಿನವಳನ್ನು ಸಂಗೀತ ಫ್ಯಾನಿನ ಕೆಳಗೆ, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದಳು. ಗೋಡೆ ನೋಡುತ್ತ ನೀರು ಕೊಟ್ಟಳು. ಕಿಟಕಿ ನೋಡುತ್ತ ಲೋಟ ಇಸಿದುಕೊಂಡಳು. ಊರು ಕೇಳಲಿಲ್ಲ, ಮನೆತನ ಕೇಳಲಿಲ್ಲ, ಹೆಸರು ಕೇಳುವುದಕ್ಕೂ ಧೈರ್ಯ ಬರಲಿಲ್ಲ. ಬೆವರು ಒರೆಸಿಕೊಂಡು ಅಡುಗೆಮನೆ ಸೇರಿದಳು.

ಗಿಡ್ಡ ಹುಡುಗಿ ಹಿಂದೆಯೇ ಬಂದಳು. “ಈರುಳ್ಳಿ ಹೆಚ್ಚಿಕೊಡ್ಲಾ ಆಂಟಿ? ಅಲ್ಲಿ ಅವಳು, ಆಂಟಿಗೆ ನನ್ನ ಮೇಲೆ ಸಿಟ್ಟಾ ಅಂತ ಕೇಳ್ತಿದಾಳೆ.”

“ಸಿಟ್ಟಲ್ಲ ಕಣೆ, ಹೆದರಿಕೆ.” ಸಂಗೀತಳಿಗೆ ಉಸಿರು ಬಂದಂತಾಯಿತು. “ನಿನ್ನ ಹೆಸರೇನು? ಯಾವೂರು?”

“ಗಂಗಾಶ್ರೀ. ಯಲ್ಲಾಪುರದ ಕಡೆ ಹಳ್ಳಿ.”

“ಚಲೋ ಆತು. ಹಂಗಾರೆ ಈ ಸಿದ್ದಿ ಮಂದಿ ನಿನಗೆ ಗೊತ್ತಿರಬೇಕಲ್ಲ.”

“ಭಾಳ ಚೆನ್ನಾಗಿ ಗೊತ್ತು.”

“ಜನ ನಿಜವಾಗ್ಲೂ ಅವರ ಕೂದಲು ಮುಟ್ಟಿ ನೋಡ್ತಾರೇನೆ?”

ಗಂಗಾಶ್ರೀ ಈರುಳ್ಳಿಯ ಸಿಪ್ಪೆ ಬಿಡಿಸಿದಳು. “ಬಸ್ಸಲ್ಲಿ ಹಿಂದಿನ ಸೀಟಿಂದ ಕೈ ಬರ್ತದೆ ಆಂಟಿ.”

“ಪಾಪ. ಅವಳು ಏನ್ ಮಾಡ್ತಾಳೆ ಆಗ?”

“ಕಿಟಕಿ ಆಚೆ ನೋಡ್ತಾಳೆ.”

“ಊರು ಕೇಳಿದ್ರೂ ಬೇಜಾರಾಗ್ತದಂತೆ?”

“ಕೇಳಿದ್ದಕ್ಕಲ್ಲ. ಊರು ಹೇಳಿದ ಮೇಲೂ, ಅದಲ್ಲ, ನಿಜವಾಗಿ ಎಲ್ಲಿಯವಳು ಅಂತಾರಲ್ಲ, ಅದಕ್ಕೆ.”

ಸಂಗೀತ ಒಲೆಯ ಉರಿ ಸಣ್ಣ ಮಾಡಿದಳು. ಹೋದ ವರ್ಷದ ಹುಡುಗಿ ಕ್ರೀಮಿನ ಹೆಸರು ಕೇಳಿ ಮುಖ ಎತ್ತ ತಿರುಗಿಸಿದ್ದಳು ಎಂಬುದು ಈಗ ನೆನಪಾಯಿತು.

“ನಿನ್ನ ಹತ್ರ ಹೇಳ್ತೀನಿ ಗಂಗಾ, ನನಗೆ ಹುಡುಗ್ಯಾರನ್ನ ಮಾತಾಡಿಸ್ದೆ ಇರಾಕೆ ಆಗಲ್ಲ. ಹೊರಗೆ ಆ ಕೂಸನ್ನ ಒಬ್ಬಳನ್ನೇ ಕೂರಿಸಿ ಬಂದೀನಿ, ಪಾಪ ಅನಸ್ತದೆ.” ಮಾತಿನ ನಡುವೆ ಕೈ ತಾನಾಗಿ ಗಂಗಾಶ್ರೀಯ ಜಡೆಯ ಮೇಲೆ ಹೋಯಿತು. “ಇದೇನೇ ಇದು? ತಂತಿ ಆಗಿದೆಯಲ್ಲ ಕೂದಲು. ಹಾಸ್ಟೆಲ್ ನೀರಿಗೆ ಹಿಂಗಾಗ್ತದೆ. ಕೂತ್ಕೋ.”

“ಬೇಡ ಆಂಟಿ, ಅದು ಹುಟ್ಟಿದಾಗಿಂದ—”

“ಸುಮ್ನೆ ಕೂತ್ಕೋ ಅಂದ್ರೆ.”

ಗಂಗಾಶ್ರೀ ಒಂದು ಕ್ಷಣ ಅವಳನ್ನೇ ನೋಡಿದಳು. ನಕ್ಕು, ಮಣೆಯ ಮೇಲೆ ಕುಳಿತಳು. ಸಂಗೀತ ಜಡೆ ಬಿಚ್ಚಿ, ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬುಡಕ್ಕೆ ತಿಕ್ಕಿದಳು. ಸಿಕ್ಕನ್ನು ನೋವಾಗದಂತೆ ಬೆರಳಿನಲ್ಲೇ ಬಿಡಿಸಿದಳು. “ಆಡಿ ಆಡಿ ಎಷ್ಟು ಕರ್ರಗಾಗೀಯ ನೋಡು. ಕಡ್ಲೆಹಿಟ್ಟಿಗೆ ಮೊಸರು ಕಲಸಿ ಹಚ್ಕೋ. ಮುಂದಿನ ಭಾನುವಾರ ಬಾ, ನಾನೇ ಹಚ್ತೀನಿ. ಇದನ್ನೆಲ್ಲ ಹೊರಗೆ ಕೂತವಳ ಹತ್ರ ಹೇಳಬಾರ್ದು, ತಿಳೀತಾ?”

“ಹೇಳಲ್ಲ ಆಂಟಿ.” ಅವಳ ಭುಜ ಅಲುಗುತ್ತಿತ್ತು. ಈರುಳ್ಳಿಯ ಖಾರ ಇರಬೇಕು ಎಂದುಕೊಂಡಳು ಸಂಗೀತ.

ಅಷ್ಟರಲ್ಲಿ ಧನ್ಯಾ ಓಡುತ್ತ ಮನೆಗೆ ಬಂದಳು. ನಡುಮನೆಯಿಂದ ಅವಳ ದನಿ ಕೇಳಿಸಿತು: “ಏನೇ ಸೊರಬದ ಮಹಾರಾಣಿ, ಒಬ್ಬಳೇ ಕೂತೀಯ? ನಮ್ಮಮ್ಮಂದೂ ಅದೇ ಊರು, ನಿಮ್ಮ ಓಣಿ ಪೂರ್ತಿ ವಿಚಾರಿಸಿರಬೇಕಲ್ಲ?”

ಸೊರಬ? ಸಂಗೀತಳ ಕೈ ಎಣ್ಣೆಯ ಬಟ್ಟಲಿನಲ್ಲೇ ನಿಂತಿತು.

ಧನ್ಯಾ ಅಡುಗೆಮನೆಯ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಅಮ್ಮನನ್ನೂ ಅವಳ ಮುಂದೆ ಅರ್ಧ ಜಡೆಯಲ್ಲಿ ಕುಳಿತವಳನ್ನೂ ನೋಡಿದಳು. “ನಿಜ ಹೇಳು. ನಮ್ಮಮ್ಮ ಊರು, ಕೂದಲು, ಬಣ್ಣ ಅಂತ ಏನಾದ್ರೂ ತೆಗೆದಳಾ, ಕ್ಯಾಪ್ಟನ್?”

“ಒಂದು ಮಾತೂ ಇಲ್ಲ ಕಣೆ,” ಎಂದಳು ಗಂಗಾಶ್ರೀ.