ಜೊತೆಗೊಬ್ಬರು

"ಈ ಕಾರ್ಡಿಗೆ ಇಬ್ಬರಿಗಷ್ಟೇ ಊಟ ಪುಕ್ಕಟೆ. ನಾವು ಹೋಗಿ ತಿಂದ್ಕೊಂಡು ಬರೋಣ, ನಿಮ್ಮಮ್ಮ ಇಲ್ಲೇ ಬ್ಯಾಗು ಕಾಯ್ಲಿ. ಬರೋವಾಗ ಅವ್ರಿಗೊಂದು ಬಿಸ್ಕತ್ತು ತಂದ್ರಾಯ್ತು," ಎಂದ ಗಂಡ, ವಿಮಾನ ನಿಲ್ದಾಣದ ಲೌಂಜಿನ ಬಾಗಿಲಲ್ಲಿ.

ಹಾಲಿಗೂ ಪೆಟ್ರೋಲಿಗೂ ಆ ಕ್ರೆಡಿಟ್ ಕಾರ್ಡನ್ನೇ ಉಜ್ಜಿ, ಪಾಯಿಂಟು ಎಣಿಸಿ, ನೆಂಟರೆದುರು ಮೀಸೆ ತಿರುವಿದ್ದ ಮಹಾಶಯ ಅವನು. ಈಗಲೂ ಮಹಾರಾಜನ ಮುದ್ರೆಯುಂಗುರದಂತೆ ಅದನ್ನು ಚಾಚಿದ.

ಕೌಂಟರಿನವಳು ಕಾರ್ಡಿನ ಮೇಲಿನ ಹೆಸರು ಓದಿ, ಅವನನ್ನು ದಾಟಿ ಹೆಂಡತಿಯತ್ತ ನೋಡಿದಳು. "ಇದು ನಿಮ್ಮದಾ ಮೇಡಂ? ನಿಮ್ಮ ಜೊತೆ ಒಬ್ರು ಬರ್ಬಹುದು. ಯಾರು?"

ತನ್ನ ಸಂಬಳಕ್ಕೆ ಬ್ಯಾಂಕು ಒಪ್ಪದೆ, ಹೆಂಡತಿಯ ಸಂಬಳ ತೋರಿಸಿ ಅವಳ ಹೆಸರಲ್ಲೇ ಮಾಡಿಸಿದ ಕಾರ್ಡೆಂಬುದನ್ನೇ ಅವನು ಮರೆತಿದ್ದ.

ಅವಳು ಹೆಗಲ ಬ್ಯಾಗನ್ನು ಗಂಡನ ಕೊರಳಿಗೆ ನೇತುಹಾಕಿ, ತಾಯಿಯ ಕೈ ಹಿಡಿದಳು. "ಬಾಮ್ಮ."

ಬಾಗಿಲು ದಾಟುವಾಗ ತಿರುಗಿ ಕೇಳಿದಳು: "ರೀ, ನಿಮಗೆ ಕ್ರೀಮ್ ಬಿಸ್ಕತ್ತೋ, ಸಾದಾನೋ?"