ತೆನೆಯ ಸುತ್ತು

ಎಂಟನೆಯ ಚಿತ್ರವನ್ನೂ ಧನರಾಜ್ ಮೇಜಿನ ಮೇಲೆ ಮಗುಚಿ ಹಾಕಿದ.

"ಎಂತ ಸಾವು ಮಾರಾಯ್ತಿ ಇದು! ಯಾರು ಈ ಕೋಣ? ನಾನಾ?"

"ಕಂಬಳದ ಕೋಣ ಅಂಕಲ್. ನಿಮ್ಮ ಊರು ಅಂತ..." ಲೋಗೋ ಬರೆಯಲು ಬಂದಿದ್ದ ಪ್ರಣೀತಾ ತಡವರಿಸಿದಳು. ಚೆಂಬೂರಿನಲ್ಲೇ ಹುಟ್ಟಿ ಬೆಳೆದವಳು, ಕನ್ನಡ ನಾಲ್ಕು ಹೆಜ್ಜೆಗೆ ಸುಸ್ತಾಗುತ್ತಿತ್ತು. "ಲೋಗೋ ಮೇ ಥೋಡಾ ಗಾಂವ್ ಕಾ ಫೀಲ್..."

"ಊರು ಬಿಟ್ಟು ನಲವತ್ತು ವರ್ಷ ಆಯ್ತು. ಕೋಣ ಬೇಡ. ನನ್ನ ಮುಖ ಹಾಕು."

ಪರೇಲಿನ ಹಳೆಯ ಗಿರಣಿಯ ಒಂದು ಮೂಲೆಯಲ್ಲಿ ಧನರಾಜ್ ಶೆಟ್ಟಿ ಬಿಯರ್ ತಯಾರಿಸಲು ಹೊರಟಿದ್ದ. ಸಣ್ಣದು. ನಾಲ್ಕು ಉಕ್ಕಿನ ಟ್ಯಾಂಕು, ಇಪ್ಪತ್ತು ಮೇಜು. ಮುಂಬಯಿಯಲ್ಲಿರುವ ತನ್ನ ಊರಿನವರಿಗೆ ಸುಳಿವು ಸಿಗದಂತೆ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ. ಉದ್ಘಾಟನೆಯ ದಿನವೇ ಎಲ್ಲರಿಗೂ ತಿಳಿಯಬೇಕು. ಅದರಲ್ಲೂ ಒಬ್ಬನಿಗೆ ತಿಳಿಯಬೇಕು, ತಿಳಿದು ಹೊಟ್ಟೆ ಉರಿಯಬೇಕು.

ಆ ಒಬ್ಬ ಅವನ ಒಡಹುಟ್ಟಿದ ಅಣ್ಣ ಕಾಂತಪ್ಪ. ದಾದರಿನಲ್ಲಿ ಅಪ್ಪ ಕಟ್ಟಿದ ಹೋಟೆಲು ಅವನ ಕೈಯಲ್ಲಿತ್ತು. "ಇಲ್ಲಿ ಬಿಯರ್ ಇಡುವ" ಎಂದು ಧನರಾಜ್ ಹೇಳಿದ ದಿನ ಕಾಂತಪ್ಪ ಗಲ್ಲಾಪೆಟ್ಟಿಗೆಯ ಮೇಲಿನ ಅಪ್ಪನ ಫೋಟೋ ತೋರಿಸಿ, "ಇವರ ಕಣ್ಣೆದುರಿಗಾ? ನಾಚಿಕೆ ಇಲ್ವಾ ನಿಂಗೆ?" ಎಂದಿದ್ದ. ಗಿರಾಕಿಗಳು ದೋಸೆ ಬಿಟ್ಟು ನೋಡುವಷ್ಟು ಮಾತು ಬೆಳೆಯಿತು.

"ಇನ್ನು ನಾನು ಸತ್ತ ಸುದ್ದಿ ಬಂದ್ರೆ ಮಾತ್ರ ನನ್ನ ಬಾಗಿಲಿಗೆ ಬಾ" ಎಂದು ಧನರಾಜ್ ಎದ್ದು ನಡೆದ.

"ಆಗಲೂ ಬರುದಿಲ್ಲ, ಹೋಗು" ಎಂದ ಕಾಂತಪ್ಪ.

ಹನ್ನೆರಡು ವರ್ಷ ಇಬ್ಬರೂ ಮಾತು ಉಳಿಸಿಕೊಂಡರು. ಆಸ್ತಿ ಹೇಗಾದರೂ ಹೋಗಲಿ, ಹಟ ಮಾತ್ರ ಸಮಪಾಲಾಗಿತ್ತು.

ಒಂಬತ್ತನೆಯ ಚಿತ್ರದಲ್ಲಿ ಧನರಾಜನ ಮುಖ ಬಂತು. ಬಾಯಿ ತುಂಬ ನಗು, ಕೈಯಲ್ಲಿ ನೊರೆಯುಕ್ಕುವ ಗ್ಲಾಸು, ಹಿಂದೆ ಹಳದಿ ಬಣ್ಣ. ಕೆಳಗೆ ಎರಡು ಪುಟ್ಟ ಬಾರ್ಲಿ ತೆನೆ.

"ಗ್ಲಾಸು ತೆಗಿ. ನಾನೆಂತ ವೇಟರಾ?"

ಪ್ರಣೀತಾ ತೆಗೆದಳು.

"ಆ ಹಲ್ಲು ಮುಚ್ಚು. ಹಲ್ಲು ಕಿಸಿಯುವವನನ್ನು ಯಾರು ಮಾಲಕ ಅಂತಾರೆ? ಬಣ್ಣವೂ ಬೇಡ, ಮಕ್ಕಳ ಐಸ್‌ಕ್ರೀಮಿನ ಹಾಗೆ ಉಂಟು. ನನ್ನ ಅಪ್ಪನ ಫೋಟೋದಲ್ಲಿ ಒಂದು ಗತ್ತು ಉಂಟು. ಆ ಗತ್ತು ಬೇಕು ನಂಗೆ."

ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಆ ಫೋಟೋಕ್ಕೆ ಕೈಮುಗಿದೇ ಹೋಟೆಲಿನ ಕೆಲಸಕ್ಕೆ ಇಳಿದವನು ಅವನು. ದೊಡ್ಡ ಮನುಷ್ಯ ಎಂದರೆ ಅವನ ಕಣ್ಣಿಗೆ ಬರುವುದು ಅದೊಂದೇ ರೂಪ. ಅದೂ ಅಣ್ಣನ ಪಾಲಾಗಿತ್ತಲ್ಲ, ಆ ಸಂಕಟ ಬೇರೆ.

"ಈ ತೆನೆ ಎಂತಕ್ಕೆ ಅಡಿಯಲ್ಲಿ ಬಿದ್ದಿದೆ? ಮುಖದ ಸುತ್ತ ಬರಲಿ. ದಪ್ಪ ಮಾಡು. ಇನ್ನೂ ದಪ್ಪ."

ಪ್ರಣೀತಾಳ ಕೈ ನಿಂತಿತು. "ಅಂಕಲ್, ಏಕ್ ಬಾತ್ ಹೇಳ್ಲಾ? ನಮ್ಮ ಮನೇಲಿ ಅಜ್ಜಂದು ಒಂದು..."

"ನಿನ್ನ ಅಜ್ಜನ ಪುರಾಣ ಯಾರಿಗೆ ಬೇಕು? ಕೈ ಓಡಿಸು, ಬಾಯಿ ಅಲ್ಲ."

ಅವಳ ಮುಖ ಕೆಂಪಾಯಿತು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆ, ಒಂದು ಕೂದಲೆಳೆ ಆಚೀಚೆಯಾಗದಂತೆ ಮಾಡುತ್ತಾ ಹೋದಳು. ಹುಡುಗಿ ದಾರಿಗೆ ಬಂದಳು ಎಂದುಕೊಂಡ ಧನರಾಜ್.

ಹತ್ತನೆಯದರಲ್ಲಿ 'ಧನರಾಜ್ ಶೆಟ್ಟಿ ಬ್ರೂವರಿ' ಎಂದಿತ್ತು, ಅದರ ಕೆಳಗೆ ಈ ವರ್ಷದ ಇಸವಿ.

"ಬ್ರೂವರಿ ಅನ್ನುದು ತೆಗಿ. ನನ್ನ ಹೆಸರು ಸಾಲುದಿಲ್ವಾ? ಮತ್ತೆ, ಈ ಒಂದೇ ಇಸವಿ ಇಟ್ರೆ ನಿನ್ನೆ ಮೊನ್ನೆ ಬಂದವ ಅಂತಾರೆ. ಅದರ ಮುಂಚೆ ನಾನು ಹುಟ್ಟಿದ ಇಸವಿಯೂ ಇರಲಿ. ತೂಕ ಬರ್ತದೆ."

"ಆಯ್ತು ಅಂಕಲ್. ನೀವು ಹೇಳಿದ ಹಾಗೇ."

ಕಪ್ಪು ಬಿಳುಪಿನ ಹನ್ನೊಂದನೆಯದನ್ನು ನೋಡಿ ಧನರಾಜ್ ಮೊದಲ ಸಲ ತಲೆಯಾಡಿಸಿದ. ಗೋಡೆಯ ಎತ್ತರಕ್ಕೆ ಅದನ್ನು ಅಚ್ಚು ಹಾಕಿಸಿ ಬಾಗಿಲಿನ ಎದುರಿಗೇ ಅಂಟಿಸಿದರು.

ಉದ್ಘಾಟನೆಯ ದಿನ ಬೆಳಿಗ್ಗೆ ಅದೇ ಚಿತ್ರವನ್ನು ಅವನು ಊರಿನವರ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಪರೇಲಿನ ವಿಳಾಸ, 'ಇಂದು ಸಂಜೆ ನಾಲ್ಕಕ್ಕೆ'. ಅಷ್ಟೇ. ದೊಡ್ಡವರು ಹೆಚ್ಚು ಮಾತಾಡುವುದಿಲ್ಲ ನೋಡಿ.

ಹತ್ತು ನಿಮಿಷವಾಗಿರಲಿಲ್ಲ, ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ಧನರಾಜ್ ಎತ್ತಲಿಲ್ಲ, ಮೆಸೇಜು ತೆರೆಯಲೂ ಇಲ್ಲ. ಬಡ್ಕೊಳ್ಳಲಿ ಎಂದು ಕಾಲ ಮೇಲೆ ಕಾಲು ಹಾಕಿ ಕೂತ. ಆಗ ಹನ್ನೆರಡು ವರ್ಷದಲ್ಲಿ ಮೊದಲ ಸಲ 'ಕಾಂತಣ್ಣ' ಎಂಬ ಹೆಸರು ಬಂತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಉರೀತಾ ಉಂಟು ಅವನಿಗೆ! ಉರಿಯಲಿ!" ಎನ್ನುತ್ತಾ ಫೋನನ್ನು ಡ್ರಾಯರಿಗೆ ತಳ್ಳಿ, ಟ್ಯಾಂಕು ನೋಡಲು ಒಳಗೆ ಹೋದ.

ಮುಕ್ಕಾಲು ಗಂಟೆಯಲ್ಲಿ ವಾಚ್‌ಮನ್ ಏದುಸಿರು ಬಿಡುತ್ತಾ ಬಂದ. "ಸೇಠ್, ಆಪ್ ಕೇ ಬಡೇ ಭಾಯಿ ಆಯೇ ಹೈಂ."

ಅಣ್ಣ ಬಂದಿದ್ದಾನೆ! ಧನರಾಜ್ ಅಂಗಿ ಸರಿಮಾಡಿಕೊಂಡ. ಹೇಳಬೇಕಾದ ಮಾತು ಹನ್ನೆರಡು ವರ್ಷದಿಂದ ನಾಲಗೆಯ ತುದಿಯಲ್ಲೇ ಇತ್ತು. ನಾಚಿಕೆ ಇಲ್ವಾ ನಿಂಗೆ, ಬಂದೆಯಲ್ಲ ಕಡೆಗೂ? ಅದನ್ನೇ ಮನಸ್ಸಿನಲ್ಲಿ ಮತ್ತೊಮ್ಮೆ ಹದಮಾಡಿಕೊಂಡು ಹೊರಗೆ ಬಂದ.

ಕಾಂತಪ್ಪ ಈ ಕಡೆ ಬೆನ್ನು ಹಾಕಿ ಗೋಡೆಯ ದೊಡ್ಡ ಲೋಗೋದ ಎದುರು ನಿಂತಿದ್ದ. ಎಷ್ಟು ಮುದಿಯಾಗಿಬಿಟ್ಟಿದ್ದಾನೆ! ಬಿಳಿ ಪಂಚೆ, ಬರಿಗಾಲು. ಚಪ್ಪಲಿ ಹೊಸ್ತಿಲಿನ ಆಚೆ ಬಿಟ್ಟಿದ್ದ. ಕೈಯಲ್ಲಿ ದಾದರ್ ಹೂಮಾರ್ಕೆಟ್ಟಿನ ದಪ್ಪನೆಯ ಸೇವಂತಿಗೆ ಹಾರ. ಹಾರ ಕಂಡು ಧನರಾಜನ ಎದೆ ಉಬ್ಬಿತು. ಗೆದ್ದೆ ಎಂದುಕೊಂಡ. ಕೊರಳು ಒಡ್ಡಲು ಒಂದು ಹೆಜ್ಜೆ ಮುಂದಿಟ್ಟ.

ಕಾಂತಪ್ಪ ತಿರುಗಿ ನೋಡಲಿಲ್ಲ. ಎದುರಿಗಿದ್ದ ಪ್ರಣೀತಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಡೆದ ದನಿಯಲ್ಲಿ ಕೇಳುತ್ತಿದ್ದ:

"ಎಲ್ಲಿ ಮಲಗಿಸಿದ್ದೀರಿ ಮಗಾ, ನನ್ನ ತಮ್ಮನನ್ನು?"