ಸನ್ಮಾನದ ಶಾಲು

ನೆರೆಹೊರೆಯ ಐದು ದೇಶಗಳ ವ್ಯಾಪಾರ ಸಹಕಾರ ಸಭೆಯ ಮುಂದೆ ಅತ್ಯಂತ ಗಂಭೀರವಾದ ಪ್ರಶ್ನೆಯೊಂದಿತ್ತು: ಅತಿಥಿಗಳಿಗೆ ಹೊದಿಸುವ ಶಾಲು ಯಾವ ಬಣ್ಣದ್ದಿರಬೇಕು? ಉಪಸಮಿತಿ ಎರಡು ಸಲ ಸೇರಿ, ಮೂರು ಸಲ ಬೋಂಡಾ ತಿಂದು, ಕುಂಕುಮದ ಬಣ್ಣವೆಂದು ತೀರ್ಮಾನಿಸಿತು. 'ಅಪ್ಪಟ ಸ್ವದೇಶಿ ಕೈಮಗ್ಗ' ಎಂದು ಷರಾ ಬರೆದು ಶಾಲು ಕೊಂಡು ತಂದವರು ಸುಂಕದ ಅಧಿಕಾರಿ ನರಹರಿ. ನೆರೆಯವರ ಬಟ್ಟೆ ಕಳಪೆ, ಅದರ ಮೇಲಿನ ಸುಂಕ ಇಳಿಸಬಾರದು ಎಂಬ ವರದಿಯೂ ಅವರದೇ.

ಗಡಿಯಾಚೆಯ ನೇಕಾರರ ಸಂಘದ ಅಧ್ಯಕ್ಷೆ ಬಂದದ್ದೇ ಆ ಸುಂಕ ಇಳಿಸಿ ಎಂದು ಕೇಳಲಿಕ್ಕೆ. ನರಹರಿ ಶಾಲು ಹೊದಿಸಿದರು. ಚಪ್ಪಾಳೆಯ ನಡುವೆ ಆಕೆ ಅಂಚಿನ ಗಂಟುಗಳನ್ನು ಬೆರಳಲ್ಲಿ ಸವರಿ ನಕ್ಕರು.

"ಸಾರ್, ಹೀಗೆ ಗಂಟು ಹಾಕೋದು ನಮ್ಮೂರಲ್ಲಿ ಒಬ್ಬಳೇ. ಇದು ಕಳ್ಳದಾರೀಲಿ ಬಂದಿರಬೇಕು."

ನರಹರಿಯವರ ಕಿವಿ ಬಿಸಿಯಾಯಿತು. "ಅಂಗಡಿಯವನು ಇಲ್ಲೀದೇ ಅಂದ... ಮೇಡಂ, ದಯವಿಟ್ಟು ಮೆಲ್ಲಗೆ."

"ನಾನು ಯಾರಿಗೂ ಹೇಳಲ್ಲ. ಹೇಳಿದರೆ ಪೊಲೀಸರು ಹೋಗೋದು ಅವಳ ಮನೆಗೇ. ನೀವೂ ಶಾಲಿನ ಸುದ್ದಿ ಎತ್ತಬೇಡಿ. ನಮ್ಮ ಬಟ್ಟೆ ಚೆನ್ನಾಗಿದೆ ಅಂತ ಒಂದು ಮಾತು ಹೇಳಿ, ಸಾಕು."

"ಖಂಡಿತ ಮೇಡಂ, ಖಂಡಿತ."

ಮಧ್ಯಾಹ್ನ ಸುಂಕದ ವಿಷಯ ಬಂತು. ಸಭೆಯ ಅಧ್ಯಕ್ಷರು ಕನ್ನಡಕ ಏರಿಸಿ ಕೇಳಿದರು: "ನರಹರಿ, ಅವರ ಬಟ್ಟೆ ಹೇಗಿದೆಯಪ್ಪಾ?"

ನರಹರಿ ಎದ್ದು ನಿಂತರು. ಚೆನ್ನಾಗಿದೆ ಎಂದರೆ, ಎಲ್ಲಿ ನೋಡಿದಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎದುರಿನ ಸಾಲಿನಲ್ಲಿ ಆಕೆ ಇನ್ನೂ ಶಾಲು ಹೊದ್ದೇ ಕೂತಿದ್ದರು. ನರಹರಿ ಕಾಗದದಿಂದ ಕಣ್ಣೆತ್ತಲಿಲ್ಲ.

"ವರದಿಯಲ್ಲಿ ಇರುವಂತೆಯೇ, ಸಾರ್. ಕಳಪೆ."

ಸುಂಕ ಇನ್ನೈದು ವರ್ಷಕ್ಕೆ ಮುಂದುವರಿಯಿತು.